ಕಾರ್ಡು ಮಲಗಿದವರಿಗೆ, ಮಾತ್ರೆ ಓಡಾಡುವವರಿಗೆ

(ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ‘ನನ್ನ ತಮ್ಮನಿಗೆ 28 ವರ್ಷ. ಮೂರು ವರ್ಷದ ಹಿಂದೆ ಸಿಲ್ವರ್ ಮರದಲ್ಲಿ ಮೆಣಸು ಕುಯ್ಯುವಾಗ ಏಣಿ ಜಾರಿ ಬಿದ್ದ. ಸೊಂಟದ ನೋವಿಗೆ ಟಪೆಂಟಡಾಲ್ ಮಾತ್ರೆ ಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಈಗ ದಿನಕ್ಕೊಂದು ಸ್ಟ್ರಿಪ್ ಬೇಕು. ಖಾಸಗಿ ಕೇಂದ್ರವೊಂದಕ್ಕೆ 75 ಸಾವಿರ ಕಟ್ಟಿ ಮೂರು ತಿಂಗಳು ಇಟ್ಟೆವು. ಮನೆಗೆ ಬಂದ ಹದಿನೈದೇ ದಿನಕ್ಕೆ ಮತ್ತೆ ಶುರು. ಅಮೆರಿಕದಲ್ಲಿರುವ ದೊಡ್ಡಮ್ಮನ ಮಗ, ಅಲ್ಲಿ ಇದಕ್ಕೆ ನಾಲಿಗೆ ಕೆಳಗಿಡುವ ಔಷಧಿ ಇದೆ, ಬಡವರಿಗಾದರೆ ಮೆಡಿಕೇಡ್ ದುಡ್ಡು ಕೊಡುತ್ತದೆ ಎಂದ. ನಾವು ಆಯುಷ್ಮಾನ್ ಕಾರ್ಡು ಹಿಡಿದು ಆಸ್ಪತ್ರೆಗೆ ಹೋದರೆ ಕೌಂಟರಿನಲ್ಲಿ “ಇದಕ್ಕೆಲ್ಲ ನಡೆಯಲ್ಲ” ಎಂದು ಕಳಿಸಿದರು. ಯಶಸ್ವಿನಿ ಕಾರ್ಡು ನಡೆಯುತ್ತದೆಯೇ? ಆ ಔಷಧಿಯೂ ಇನ್ನೊಂದು ಚಟವೇ ತಾನೇ ಅನ್ನುತ್ತಾರೆ ನಮ್ಮ ಮಾವ. ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ ಪೊಲೀಸರು ಬರುತ್ತಾರೋ ಎಂಬ ಭಯ ಬೇರೆ. ದಯವಿಟ್ಟು ಹೆಸರು ಹಾಕಬೇಡಿ.’)

ಸಹೋದರಿಯವರೇ,

ಹೆಸರು ಹಾಕಿಲ್ಲ, ಊರನ್ನೂ ಕತ್ತರಿಸಿದ್ದೇನೆ. ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಕಣ್ಣಿಗೆ ಬಿದ್ದದ್ದು ನೀವು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದ ಸಾಲು: ‘ಅವನ ಹೆಂಡತಿ ಹಾಸನದ ಗಾರ್ಮೆಂಟ್ಸ್‌ಗೆ ಹೋಗಿ ತರುವ ಸಂಬಳದಲ್ಲೇ ಮನೆ ನಡೆಯುತ್ತಿದೆ.’ ಆ ಸಾಲು ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಆಮೇಲೆ ಅದಕ್ಕೆ ಬರುತ್ತೇನೆ.

ಮೊದಲು ಕಾರ್ಡಿನ ವಿಚಾರ. ಕೌಂಟರಿನವರ ಮಾತು ಒರಟು, ಆದರೆ ಪೂರ್ತಿ ಸುಳ್ಳಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಆಯುಷ್ಮಾನ್ ಪ್ಯಾಕೇಜುಗಳ ಪಟ್ಟಿಯಲ್ಲಿವೆ. ಆದರೆ ಇಡೀ ಯೋಜನೆಯನ್ನು ಕಟ್ಟಿರುವುದೇ ಆಸ್ಪತ್ರೆಯ ಹಾಸಿಗೆಯ ಸುತ್ತ. ದಾಖಲಾದರೆ ದುಡ್ಡು. ಓಪಿಡಿ ಚೀಟಿ ಬರೆಸಿ, ಡಾಕ್ಟರನ್ನು ಕಂಡು, ಮಾತ್ರೆ ತೆಗೆದುಕೊಂಡು ಸಂಜೆ ಬಸ್ಸಿಗೆ ಮನೆಗೆ ಬಂದರೆ ಇಲ್ಲ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಲೆಕ್ಕಕ್ಕೆ ಸೇರುತ್ತದೆ, ಅಷ್ಟೇ. ನಿಮ್ಮ ತಮ್ಮ ಮತ್ತೆ ಜಾರಿದ್ದು ಎಷ್ಟನೇ ದಿನಕ್ಕೆ? ನೀವೇ ಬರೆದಿದ್ದೀರಿ, ಹದಿನೈದಕ್ಕೆ. ಈ ಕಾಯಿಲೆಯ ನಿಜವಾದ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಕಾರ್ಡು ಸುಸ್ತಾಗಿ ಕೂತಿರುತ್ತದೆ. ಯಶಸ್ವಿನಿ ಮುಖ್ಯವಾಗಿ ಆಪರೇಷನ್ನುಗಳಿಗೆ. ಇಲ್ಲಿ ಅದನ್ನು ಮರೆತುಬಿಡಿ.

ಅಮೆರಿಕದ ಅಣ್ಣ ಹೇಳಿದ್ದು ನಿಜ. ಮೆಡಿಕೇಡ್ ಎಂದರೆ ಅಲ್ಲಿ ಕಡಿಮೆ ಆದಾಯದವರಿಗೆ ಕೇಂದ್ರವೂ ರಾಜ್ಯಗಳೂ ಸೇರಿ ನಡೆಸುವ ಸರ್ಕಾರಿ ವಿಮೆ. 2018ರ ಕಾಯ್ದೆಯೊಂದರ ಪ್ರಕಾರ 2020ರ ಅಕ್ಟೋಬರ್‌ನಿಂದ ಈ ಚಟಕ್ಕೆ ಕೊಡುವ ಮೆಥಡೋನ್, ಬುಪ್ರೆನಾರ್ಫಿನ್ (ಅಣ್ಣ ಹೇಳಿದ, ನಾಲಿಗೆ ಕೆಳಗಿಡುವ ಔಷಧಿ ಇದೇ), ನಾಲ್ಟ್ರೆಕ್ಸೋನ್ ಮೂರರ ಖರ್ಚನ್ನೂ ಮೆಡಿಕೇಡ್ ಕೊಡಲೇಬೇಕು. ಅಲ್ಲೂ ಇದು ತಟ್ಟನೆ ಆಗಿದ್ದಲ್ಲ. 2022ರ ಕೊನೆಯವರೆಗೆ ಬುಪ್ರೆನಾರ್ಫಿನ್ ಬರೆಯಲು ಡಾಕ್ಟರುಗಳಿಗೆ ಪ್ರತ್ಯೇಕ ಪರವಾನಗಿ ಬೇಕಿತ್ತು. ಈಗ ಡಾಕ್ಟರು ಚೀಟಿ ಬರೆದರೆ ಮೆಡಿಕಲ್ ಶಾಪಿನವನು ಮಾತ್ರೆ ಕೊಡುತ್ತಾನೆ, ವಿಮೆ ಬಿಲ್ಲು ಕಟ್ಟುತ್ತದೆ.

ನಮ್ಮಲ್ಲಿ ದಾರಿಯೇ ಬೇರೆ. ಬುಪ್ರೆನಾರ್ಫಿನ್ ಜೊತೆ ನಾಲೊಕ್ಸೋನ್ ಎಂಬ ಇನ್ನೊಂದು ಔಷಧಿ ಬೆರೆಸಿದ ಮಾತ್ರೆ ಸಕಲೇಶಪುರದ ಮೆಡಿಕಲ್ ಶಾಪಿನಲ್ಲಿ ಸಿಗುವ ವಸ್ತುವಲ್ಲ. ಚಟ ಬಿಡಿಸುವ ಸೌಲಭ್ಯವಿರುವ ಆಸ್ಪತ್ರೆ, ಕೇಂದ್ರಗಳಿಗೆ ಮಾತ್ರ ಅದರ ಪೂರೈಕೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳ ಒಳಗೇ ನಡೆಸುವ ವ್ಯಸನ ಚಿಕಿತ್ಸಾ ಘಟಕಗಳಲ್ಲಿ ಚಿಕಿತ್ಸೆ ಉಚಿತ, ಕಾರ್ಡು ತೋರಿಸುವ ಪ್ರಶ್ನೆಯೇ ಇಲ್ಲ. ಹಾಗಾಗಿ ‘ಕಾರ್ಡು ನಡೆಯುತ್ತಾ’ ಎಂದು ಕೇಳುವುದನ್ನು ಬಿಟ್ಟು ‘ಬುಪ್ರೆನಾರ್ಫಿನ್ ಎಲ್ಲಿ ಕೊಡುತ್ತಾರೆ’ ಎಂದು ಕೇಳಿ.

ಈಗ ನಿಮ್ಮ ಮಾವನವರ ಮಾತಿಗೆ. ಟಪೆಂಟಡಾಲ್ ನುಂಗುವವನು ದಿನಕ್ಕೆ ನಾಲ್ಕು ಸಲ ಮೇಲೇರಿ ನಾಲ್ಕು ಸಲ ಕೆಳಗೆ ಬೀಳುತ್ತಾನೆ. ಕೆಳಗೆ ಬಿದ್ದಾಗಲೇ ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಕಾಲು ಸೆಳೆತ, ಭೇದಿ. ಬುಪ್ರೆನಾರ್ಫಿನ್ ಕೂಡ ಟಪೆಂಟಡಾಲ್ ಹಾಗೆ ಅಫೀಮಿನ ಜಾತಿಯದೇ, ಮುಚ್ಚಿಡುವುದೇನಿಲ್ಲ. ಆದರೆ ಅದು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಆಸಾಮಿ. ಮೆದುಳಿನಲ್ಲಿ ಅಫೀಮಿನ ಜಾತಿಯವು ಕೂರುವ ಜಾಗ ಹಿಡಿದು ಕೂತರೆ ಒಂದು ದಿನದ ಮಟ್ಟಿಗೆ ಏಳುವುದಿಲ್ಲ; ಆಮೇಲೆ ಬಂದ ಟಪೆಂಟಡಾಲ್ ನಿಂತೇ ಇರಬೇಕು. ಒಂದು ಮಟ್ಟ ದಾಟಿದರೆ ಡೋಸು ಏರಿಸಿದರೂ ಅಮಲು ಏರುವುದಿಲ್ಲ. ಮೇಲೇರುವುದೂ ಇಲ್ಲ, ಬೀಳುವುದೂ ಇಲ್ಲ. ಹುಡುಗ ಕೆಲಸಕ್ಕೆ ಹೋಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಮೆಥಡೋನನ್ನೂ 2005ರಲ್ಲೇ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಮಾವನವರಿಗೆ ಇಷ್ಟು ಸಾಲದಿದ್ದರೆ ನನಗೊಂದು ಅಂಚೆ ಕಾರ್ಡು ಹಾಕಲಿ, ಅವರಿಗೇ ಬೇರೆ ಬರೆಯುತ್ತೇನೆ.

ಟವೆಲ್ಲಿನ ವಿಚಾರದಲ್ಲಿ ಒಂದು ಎಚ್ಚರ. ಸೀಟಿನಲ್ಲಿ ಆಗಲೇ ಟಪೆಂಟಡಾಲ್ ಕೂತಿದ್ದರೆ ಬುಪ್ರೆನಾರ್ಫಿನ್ ಅದನ್ನು ತಳ್ಳಿಬಿಡುತ್ತದೆ, ಒಂದೇ ಏಟಿಗೆ ಎಲ್ಲ ಹಿಂಸೆ ಮೈಮೇಲೆ ಬರುತ್ತದೆ. ಆದ್ದರಿಂದ ಹಳೆಯ ಮಾತ್ರೆ ಇಳಿದು ಆಕಳಿಕೆ, ನಡುಕ ಶುರುವಾದ ಮೇಲೆಯೇ ಮೊದಲ ಡೋಸು ಕೊಡುವುದು. ‘ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದೆ’ ಎಂದು ಡಾಕ್ಟರು ಕೇಳಿದಾಗ ನಿಮ್ಮ ತಮ್ಮ ನಾಚಿಕೆಗೆ ಸುಳ್ಳು ಹೇಳಬಾರದು. ನಿಜ ಹೇಳಲು ಅವನೊಬ್ಬನನ್ನೇ ಒಳಗೆ ಬಿಡುವುದೂ ಒಳ್ಳೆಯದೇ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹುಡುಗನೊಬ್ಬನ ಜೊತೆ ಇಂಥ ಕೇಂದ್ರವೊಂದಕ್ಕೆ ಹೋಗಿದ್ದೆ, ನಮ್ಮ ಜಿಲ್ಲೆಯದಲ್ಲ. ಡಾಕ್ಟರು ರಜೆ ಎಂದು ಎರಡು ಸಲ ಬರಿಗೈಲಿ ವಾಪಸ್ ಬಂದಿದ್ದೆವು. ಮೂರನೇ ಸಲ ನರ್ಸಮ್ಮ ದಪ್ಪ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಮಾತ್ರೆ ಬಿಡಿಸಿ ಅವನ ಅಂಗೈಗೆ ಹಾಕಿ ‘ನಾಲಿಗೆ ಎತ್ತಪ್ಪ’ ಅಂದರು. ಬೆಂಚಿನ ಮೇಲೆ ಹತ್ತು ನಿಮಿಷ ಬಾಯಿ ಮುಚ್ಚಿ ಕೂತ. ನೀರು ಕುಡಿಯುವಂತಿಲ್ಲ, ಮಾತಾಡುವಂತಿಲ್ಲ. ನುಂಗಿದರೆ ಕೆಲಸಕ್ಕೆ ಬಾರದು, ಕರಗಬೇಕು. ಆಮೇಲೆ ‘ಆ ಮಾಡು’ ಎಂದು ಬಾಯಿ ತೆರೆಸಿ ನೋಡಿ, ‘ಹ್ಞೂಂ, ಹೋಗು’ ಅಂದರು. ಹೊರಗೆ ಬಂದವನು ‘ಸುಣ್ಣಕ್ಕೆ ನಿಂಬೆಹಣ್ಣು ಹಿಂಡಿದ ಹಾಗಿತ್ತು ಸಾರ್’ ಅಂದ. ಅರ್ಧ ಗಂಟೆ ಕಳೆದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದ. ಮೂರು ದಿನದಿಂದ ಅವನ ಹೊಟ್ಟೆಯಲ್ಲಿ ಏನೂ ನಿಂತಿರಲಿಲ್ಲ.

ಹೀಗೆ ತಿಂಗಳುಗಟ್ಟಲೆ, ಹಲವರಿಗೆ ವರ್ಷಗಟ್ಟಲೆ ನಡೆಯಬೇಕು. ಆ 75 ಸಾವಿರ ನೀರಿಗೆ ಬಿದ್ದದ್ದು ಇಲ್ಲಿಯೇ. ಮೂರು ತಿಂಗಳು ಬೀಗ ಹಾಕಿ ಇಟ್ಟರೆ ಮೈ ತೊಳೆದಂತಾಗುತ್ತದೆ, ಆಸೆ ಹೋಗುವುದಿಲ್ಲ. ಇನ್ನೂ ಭಯದ ಮಾತೆಂದರೆ, ಆ ಮೂರು ತಿಂಗಳಲ್ಲಿ ಮೈಗೆ ತಡೆದುಕೊಳ್ಳುವ ಅಭ್ಯಾಸ ತಪ್ಪಿಹೋಗಿರುತ್ತದೆ. ಹೊರಗೆ ಬಂದು ಹಳೆಯ ಲೆಕ್ಕದಲ್ಲೇ ಸ್ಟ್ರಿಪ್ ಖಾಲಿ ಮಾಡಿದರೆ ಉಸಿರೇ ನಿಲ್ಲಬಹುದು. ಜೊತೆಗೆ ಹೆಂಡವೋ ನಿದ್ರೆ ಮಾತ್ರೆಯೋ ಸೇರಿದರಂತೂ ಹೇಳುವುದೇ ಬೇಡ. ನಿಮ್ಮ ತಮ್ಮ ಉಳಿದಿದ್ದಾನೆ. ಇನ್ನೊಂದು ಸಲ ಅಂಥ ಕೇಂದ್ರದವರು ಫೋನ್ ಮಾಡಿದರೆ, ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯೇ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಎಂಬುದೂ ನೆನಪಿರಲಿ.

ಎಲ್ಲಿ ಹೋಗುವುದು? ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಕ್ಲಿನಿಕ್ ನಡೆಸುವ ಯೋಜನೆ ರಾಜ್ಯದ್ದು, ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ಹಾಸನದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಹೊರಡುವ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಾದಕ ವ್ಯಸನಕ್ಕೇ ಮೀಸಲಾದದ್ದು 14446. ಔಷಧಿಯ ಹೆಸರು ಹೇಳಿ, ಹತ್ತಿರದಲ್ಲಿ ಎಲ್ಲಿ ಕೊಡುತ್ತಾರೆ, ಯಾವ ವಾರ ಎಂದು ಬರೆದುಕೊಳ್ಳಿ. ಹತ್ತಿರದಲ್ಲಿ ಇಲ್ಲವೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ. ದೂರ, ನಿಜ.

ಈಗ ನಾದಿನಿಯ ಸಂಬಳಕ್ಕೆ. ಅವರ ಸಂಬಳದ ಚೀಟಿ ತೆಗೆದು ನೋಡಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿದಿರುತ್ತಾರೆ. ತಿಂಗಳಿಗೆ 21 ಸಾವಿರದೊಳಗಿನ ಸಂಬಳದವರಿಗೆ ಅದು ಅನ್ವಯ, ಮಾಲೀಕರು ತಮ್ಮ ಪಾಲು ಶೇ 3.25 ಸೇರಿಸುತ್ತಾರೆ. ಆಯುಷ್ಮಾನ್‌ನಲ್ಲಿ ಇಲ್ಲದ್ದು ಇಎಸ್‌ಐನಲ್ಲಿ ಇದೆ: ದಾಖಲಾಗದೆಯೂ ಡಾಕ್ಟರು, ಪರೀಕ್ಷೆ, ಔಷಧಿ, ಬೇಕಾದರೆ ದೊಡ್ಡ ಆಸ್ಪತ್ರೆಗೆ ರೆಫರಲ್. ಗಂಡನೂ ಕುಟುಂಬದ ಲೆಕ್ಕಕ್ಕೆ ಬರುತ್ತಾನೆ. ಅವನ ಹೆಸರು ಸೇರಿಸಿದ್ದಾರೋ ಇಲ್ಲವೋ ಎಂದು ಫ್ಯಾಕ್ಟರಿಯ ಎಚ್‌ಆರ್‌ನವರನ್ನು ಕೇಳಿಸಿ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳ ಕಾರ್ಡಿನಲ್ಲಿ ಅಪ್ಪ-ಅಮ್ಮನ ಹೆಸರೇ ಉಳಿದಿರುವುದನ್ನು ನಾನು ಕಂಡಿದ್ದೇನೆ. ಸೊಂಟದ ನೋವು ನಿಜವಾಗಿಯೂ ಹೋಗಿದೆಯೇ ಎಂದು ಮೂಳೆ ಡಾಕ್ಟರಿಗೆ ತೋರಿಸಲೂ ಅದೇ ಕಾರ್ಡು ಸಾಕು.

ಪೊಲೀಸರ ಭಯ ಬಿಡಿ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದು ರೋಗಿಯ ಹಕ್ಕು. ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 64ಎ ಕಲಂ ಕೂಡ, ತಾನಾಗಿಯೇ ಸರ್ಕಾರಿ ಆಸ್ಪತ್ರೆಗೆ ಬಂದು ಚಿಕಿತ್ಸೆ ಪಡೆಯುವ ವ್ಯಸನಿಯನ್ನು ಬಳಕೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ವಿಚಾರಣೆಯಿಂದ ಕಾಪಾಡುತ್ತದೆ. ‘ನಮ್ಮ ಮನೆಗೇ ಯಾಕೆ’ ಎಂದೂ ಕೇಳಿದ್ದೀರಿ. ದೆಹಲಿಯ ಏಮ್ಸ್‌ನವರು ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅಫೀಮಿನ ಜಾತಿಯ ವಸ್ತುಗಳನ್ನು ಬಳಸುವವರ ಅಂದಾಜು 2.26 ಕೋಟಿ. ದೇಶದ ಜನರಲ್ಲಿ ನೂರಕ್ಕೆ ಹತ್ತಿರ ಹತ್ತಿರ ಒಬ್ಬರು ಬಳಸುವುದು ಔಷಧಿಯಾಗಿ ಬರುವ ನೋವಿನ ಮಾತ್ರೆಗಳನ್ನೇ.

ಹೋಗುವ ದಿನ ಖಾಲಿ ಸ್ಟ್ರಿಪ್ ಒಂದನ್ನು ಬಿಸಾಡದೆ ಚೀಲಕ್ಕೆ ಹಾಕಿಕೊಳ್ಳಿ, ಎಷ್ಟು ಎಂಜಿ ಎಂದು ಡಾಕ್ಟರು ಅದರಲ್ಲೇ ಓದಿಕೊಳ್ಳುತ್ತಾರೆ. ತಿಂಡಿಯನ್ನೂ ಕಟ್ಟಿಕೊಳ್ಳಿ. ಸಾಲು ಉದ್ದ ಇರುತ್ತದೆ.

— ಸಂಪಾದಕ