ಕೊಳದ ಫೋಟೋ ಹಾಕಿದರೆ ಸಾಕಾ?

ಪ್ರಶ್ನೆ: ಮನೆ ಹತ್ತಿರದ ಕೊಳ ಹಸಿರುಗಟ್ಟುತ್ತಿದೆ. ಆಗಾಗ ಫೋಟೋ ತೆಗೆದು ಇಂಟರ್‌ನೆಟ್‌ನಲ್ಲಿ ಹಾಕುತ್ತೇನೆ. ಇದರಿಂದ ಕೊಳಕ್ಕೆ ಏನಾದರೂ ಉಪಯೋಗ ಇದೆಯಾ?

ಉತ್ತರ: ಇದೆ. ಆದರೆ ಬರೀ ಫೋಟೋ ಸಾಲದು. ನಾನೂ ಮೊದಲು ಹೀಗೇ ಮಾಡುತ್ತಿದ್ದೆ. ಎರಡು ವರ್ಷದ ಚಿತ್ರಗಳಿದ್ದವು, ಒಂದರಲ್ಲೂ ತಾರೀಖು ಇರಲಿಲ್ಲ. ಸುಮ್ನೆ ನೋಡೋಕೆ ಚೆಂದ, ಅಷ್ಟೇ!

ತಾರೀಖು, ಹೊತ್ತು, ನಿಂತ ಜಾಗ ಬರೆಯಿರಿ. ಹೊತ್ತು ಯಾಕೆ ಅಂದರೆ, ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಬರೀ ಬಳಸಿಕೊಳ್ಳುತ್ತದೆ. ಹಾಗಾಗಿ ಹಸಿರುಗಟ್ಟಿದ ನೀರಲ್ಲಿ ಬೆಳಗಿನ ಜಾವಕ್ಕೇ ಆಮ್ಲಜನಕ ತೀರಾ ಕಡಿಮೆ. ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಆಗಲೇ ಜಾಸ್ತಿ. ಮಧ್ಯಾಹ್ನ ಹೋದವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ.

ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯಲು ಸೆಕ್ಕಿ ತಟ್ಟೆ ಸಾಕು. 1865ರಲ್ಲಿ ಇಟಲಿಯ ಆಂಜೆಲೋ ಸೆಕ್ಕಿ ಪ್ರಯೋಗಿಸಿದ ಉಪಾಯ ಇದು. ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಕಣ್ಮರೆಯಾದ ಆಳ ಬರೆದುಕೊಳ್ಳಿ. ನನ್ನದು ಹಳೇ ಪ್ಲಾಸ್ಟಿಕ್ ಮುಚ್ಚಳ. ಕಪ್ಪು ಬಿಳುಪು ಬಣ್ಣ ಬಳಿದು, ಕೆಳಗೊಂದು ಕಲ್ಲು ಕಟ್ಟಿದ್ದೇನೆ.

ಹುಳ, ಗಿಡಗಳ ಚಿತ್ರ ಐನ್ಯಾಚುರಲಿಸ್ಟ್‌ಗೆ ಹಾಕಿ; ಜನ ತಾವು ಕಂಡ ಜೀವಿಗಳ ಚಿತ್ರ ಹಂಚಿಕೊಳ್ಳುವ ಜಾಲತಾಣ ಇದು. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ತಿಳಿದವರು ಗುರುತಿಸುತ್ತಾರೆ. ಏರೋಪ್ಲೇನ್ ಚಿಟ್ಟೆಯ ಮರಿಯನ್ನು ನಾನು ಜೇಡ ಅಂತ ಹಾಕಿದ್ದೆ; ಯಾರೋ ಮೆತ್ತಗೆ ತಿದ್ದಿದರು. ಅಪರೂಪದ ಆಮೆ ಕಂಡರೆ ಮಾತ್ರ ಜಾಗದ ವಿವರ ಮುಚ್ಚಿಡಿ. ಹಿಡಿದು ಮಾರುವವರೂ ಇಂಟರ್‌ನೆಟ್ ನೋಡುತ್ತಾರೆ, ಅಲ್ವಾ?