ಕೈತೋಟದವರ ಗುಂಪಿಗೆ ಹೊಸಬರು: ಕಲ್ತ ಮೇಲೆ ಹೋಗ್ಬೇಕಾ, ಈಗ್ಲೇನಾ?

ತುಮಕೂರಿಗೆ ಬಂದು ಹಳೇ ಮನೆ ತಗೊಂಡಿದೀವಿ, ರಿಪೇರಿ ಇದೆ, ಟೆರೇಸ್ ಮೇಲೆ ತರಕಾರಿ ಬೆಳೀಬೇಕು ಅಂತ ಆಸೆ, ಕೈತೋಟದವರ ಗುಂಪಿನೋರು ತಿಂಗಳಿಗೊಂದು ಭಾನುವಾರ ಸೇರ್ತಾರಂತೆ, ಆದ್ರೆ ಏನೂ ಗೊತ್ತಿಲ್ದೆ ಹೇಗೆ ಹೋಗೋದು, ಆರು ತಿಂಗ್ಳು ಕಲ್ತು ನಾಲ್ಕು ಗಿಡ ಬೆಳೆಸ್ಕೊಂಡು ಆಮೇಲೆ ಪರಿಚಯ ಮಾಡ್ಕೊಂಡ್ರೆ ಮರ್ಯಾದೆ ಅಲ್ವಾ ಅಂತ ಕೇಳಿದೀರಿ. ಓದ್ತಾ ಓದ್ತಾ ನಂಗೆ 2019 ನೆನಪಾಯ್ತು. ಇದೇ ಊರು, ಇಂಥದೇ ಹಳೇ ಮನೆ, ಇದೇ ಸಂಕೋಚ.

ನಾನು ತೀರ್ಥಹಳ್ಳಿ ಕಡೆಯವಳು. ಯಜಮಾನ್ರಿಗೆ ಇಲ್ಲಿಗೆ ವರ್ಗ ಆಯ್ತು, ಸರಸ್ವತಿಪುರಂ ಹತ್ರ ಇಪ್ಪತ್ತು ವರ್ಷದ ಹಳೇ ಮನೆ ಸಿಕ್ತು, ತಗೊಂಡ್ವಿ. ನಮ್ಮೂರಲ್ಲಿ ಹಿತ್ಲಲ್ಲಿ ಕಡ್ಡಿ ಚುಚ್ಚಿದ್ರೆ ಗಿಡ ಆಗ್ತಿತ್ತು, ಯಾರನ್ನೂ ಕೇಳಬೇಕಾಗಿರ್ಲಿಲ್ಲ. ಇಲ್ಲಿ ತುಮಕೂರಲ್ಲಿ ವರ್ಷಕ್ಕೆ ಬರೋದು ಸುಮಾರು 600ರಿಂದ 700 ಮಿ.ಮೀ. ಮಳೆ, ನಮ್ಮ ಕಡೆ ಅದರ ಮೂರ್ನಾಲ್ಕು ಪಟ್ಟು. ಮಣ್ಣು ಬೇರೆ, ನೀರು ಬೇರೆ, ಬಿಸ್ಲೂ ಬೇರೆ. ಅಷ್ಟೆಲ್ಲ ಬೇರೆ ಇದ್ರೂ ಗಿಡದ ವಿಷಯ ನಂಗೆ ಗೊತ್ತು ಅನ್ಕೊಂಡೇ ಇದ್ದೆ. ನಿಮ್ಗೆ ಗೊತ್ತಿಲ್ಲ ಅನ್ನೋ ಭಯ, ನಂಗೆ ಗೊತ್ತು ಅನ್ನೋ ಹಮ್ಮು. ಎರಡೂ ಮಾಡಿಸೋ ಕೆಲ್ಸ ಒಂದೇ, ಬಾಯಿ ಮುಚ್ಚಿಸುತ್ತೆ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಪಕ್ಕದ ಮನೆಯವರು ಒಂದು ಭಾನುವಾರ ಬಲವಂತವಾಗಿ ಕರ್ಕೊಂಡು ಹೋದ್ರು. ಬಟವಾಡೀಲಿ ಒಬ್ಬ ಅಜ್ಜಿ ಮನೆ ಟೆರೇಸು. ಹದಿನೈದು ಇಪ್ಪತ್ತು ಜನ ಇದ್ರು, ರಿಟೈರ್ಡ್ ಆದೋರು, ಗೃಹಿಣಿಯರು, ಕಾಲೇಜಿಗೆ ಹೋಗೋ ಒಬ್ಬ ಹುಡುಗ, ಗುಬ್ಬಿ ಕಡೆಯ ಒಬ್ರು ಮೇಷ್ಟ್ರು. ಕಾಫಿ ಲೋಟ ಕೈಗೆ ಕೊಟ್ಟು ಎಲ್ರೂ ಕೇಳಿದ್ದು ಒಂದೇ, ಯಾವೂರಮ್ಮ ನಿಮ್ದು, ಅಲ್ಲೇನ್ ಬೆಳೀತಾರೆ ಅಂತ. ನಾನು ಹಲಸಿನ ಮಾತು ತೆಗೆದೆ. ಮೇಷ್ಟ್ರು ಖುಷಿಯಾಗಿ, ನಮ್ಮ ಗುಬ್ಬಿ ತಾಲೂಕಿನ ಚೇಳೂರಿನ ಸಿದ್ದು ಹಲಸು ತಿಂದಿದೀರಾ, ತೊಳೆ ತಾಮ್ರದ ಬಣ್ಣ ಇರುತ್ತೆ, ಹಿರೇಹಳ್ಳಿ ತೋಟಗಾರಿಕೆ ಸಂಶೋಧನಾ ಕೇಂದ್ರದೋರು ಕಸಿ ಗಿಡ ಮಾಡ್ತಾರೆ ಅಂತೆಲ್ಲ ಹೇಳಿದ್ರು. ಆ ಹೆಸರನ್ನ ನಾನು ಅವತ್ತೇ ಮೊದಲ ಸಲ ಕೇಳಿದ್ದು, ಆದ್ರೂ ಹೂಂ ಹೂಂ ಗೊತ್ತು ಅಂದೆ. ಅದೇನೋ ಸಣ್ಣ ಸುಳ್ಳು, ಬಿಡಿ. ದೊಡ್ಡದು ಅದರ ಹಿಂದೇನೇ ಬಂತು.

ಅಜ್ಜಿ ಕೇಳಿದ್ರು, ನಿಮ್ ಮನೆ ಮೇಲೆ ಏನ್ ಮಾಡ್ಬೇಕು ಅಂತಿದೀರಮ್ಮ ಅಂತ. ನಾನು, ಏನಿಲ್ಲ ಅಜ್ಜಿ, ಸುಮ್ನೆ ಒಂದೆರಡು ಪಾಟು ಅಂದೆ.

ನಿಜ ಏನಿತ್ತು ಗೊತ್ತಾ, ಮಂಗಳವಾರ ಬೆಳಗ್ಗೆ ಒಂದು ಟ್ರ್ಯಾಕ್ಟರ್ ಲೋಡ್ ಕೆಮ್ಮಣ್ಣು ಬರೋದಿತ್ತು, ಅಡ್ವಾನ್ಸ್ ಕೊಟ್ಟಾಗಿತ್ತು. ಪ್ಯಾರಾಪೆಟ್ ಉದ್ದಕ್ಕೂ 20 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಎತ್ತರಕ್ಕೆ ಬ್ಲಾಕ್ ಕಟ್ಟಿಸಿ ಊರಿನ ಹಿತ್ಲ ತರಾನೇ ಮಣ್ಣು ತುಂಬಿಸ್ಬೇಕು ಅಂತ ಪ್ಲಾನು. ಮೇಸ್ತ್ರಿಗೂ ಹೇಳಿ ಆಗಿತ್ತು. ಇದನ್ನ ಅವತ್ತು ಬಾಯ್ಬಿಟ್ಟಿದ್ರೆ ಅಲ್ಲಿದ್ದ ಇಪ್ಪತ್ತು ಜನದಲ್ಲಿ ಹತ್ತು ಜನ ಎದ್ದು ಬೇಡಮ್ಮ ಅಂತಿದ್ರು, ಅದು ಈಗ ನಂಗೆ ಖಂಡಿತ ಗೊತ್ತು, ಯಾಕಂದ್ರೆ ಅವರಲ್ಲಿ ಮೂರು ಜನ ಅದೇ ತಪ್ಪು ಮಾಡಿ ಏಟು ತಿಂದಿದ್ರು. ಯಾಕ್ ಹೇಳ್ಲಿಲ್ಲ ಅಂದ್ರೆ, ಮೊದ್ಲು ಚೆನ್ನಾಗಿ ಬೆಳೆಸಿ, ಆಮೇಲೆ ಎಲ್ರನ್ನೂ ಕರ್ದು ತೋರ್ಸೋಣ ಅಂತ. ನೀವು ಆರು ತಿಂಗಳು ಅಂತಿದೀರಲ್ಲ, ಅದೇ ಇದು.

ಸರಿ, ಮಣ್ಣು ಬಂತು, ಇಬ್ಬರು ಕೂಲಿಯೋರು ಎರಡು ದಿನ ಬಾಂಡ್ಲಿಲಿ ಹೊತ್ತು ಮೇಲೆ ಹಾಕಿದ್ರು. ಮನೆಗೆ ಬಂದವರೆಲ್ಲ ಚೆನ್ನಾಗಿದೆ ಅಂದ್ರು. ಮೆಂತ್ಯ, ದಂಟು, ಬದನೆ ಎಲ್ಲಾ ಬಂತು ಕೂಡ. ಅಕ್ಟೋಬರಲ್ಲಿ ಮಳೆ ಹಿಡೀತು ನೋಡಿ, ಮೂರನೇ ದಿನ ದೇವರ ಮನೆ ಸೀಲಿಂಗಲ್ಲಿ ಅಂಗೈ ಅಗಲ ಒದ್ದೆ. ವಾರದಲ್ಲಿ ಅದು ಅಡುಗೆ ಮನೆ ತನಕ ಹರಡ್ತು. ಹತ್ತನೇ ದಿನ ರಾತ್ರಿ ಧಪ್ ಅಂತ ಸದ್ದು, ಎದ್ದು ನೋಡಿದ್ರೆ ಸೀಲಿಂಗಿಂದ ಪ್ಲಾಸ್ಟರ್ ಒಂದು ಮೊರದಷ್ಟು ಕಿತ್ಕೊಂಡು ಬಿದ್ದಿದೆ, ಒಳಗಿನ ಕಂಬಿ ತುಕ್ಕು ಹಿಡ್ದು ಕೆಂಪಗೆ ಕಾಣ್ತಿದೆ. ಅತ್ತೆ ದಿನಾ ಅದೇ ಜಾಗದಲ್ಲಿ ಕೂತು ಜಪ ಮಾಡ್ತಿದ್ರು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳಸುತ್ತೆ.

ಆಮೇಲೆ ಬಂದ ಭಾನುವಾರ ನಾನೇ ಹೋದೆ. ಯಾರೂ ಕರೀಲಿಲ್ಲ. ಮೊಬೈಲಲ್ಲಿ ಸೀಲಿಂಗ್ ಫೋಟೋ ತೆಗ್ದು ತೋರ್ಸಿ, ಹೀಗಾಗಿದೆ, ನಂಗೇನೂ ಗೊತ್ತಾಗ್ತಿಲ್ಲ ಅಂದೆ, ಅಳು ಬಂದ್ಬಿಡ್ತು. ಯಾರೂ ನಗಲಿಲ್ಲ ರೀ. ಒಬ್ಬರೂ ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ಲಿಲ್ಲ. ಅವರಲ್ಲಿ ಸರ್ಕಾರಿ ಇಂಜಿನಿಯರ್ ಆಗಿ ರಿಟೈರ್ಡ್ ಆದ ಅಂಕಲ್ ಒಬ್ರಿದಾರೆ, ಅವತ್ತು ಸಾಯಂಕಾಲಾನೇ ಸ್ಕೂಟರ್ ಹಾಕ್ಕೊಂಡು ಮನೆಗೆ ಬಂದ್ರು. ಹಿಂದೇನೇ ಅಜ್ಜಿ ಆಟೋದಲ್ಲಿ ಚಿತ್ರಾನ್ನದ ಡಬ್ಬಿ ಹಿಡ್ಕೊಂಡು. ನನ್ನ ನಿಜವಾದ ಪರಿಚಯ ಆಗಿದ್ದು ಅವತ್ತು, ಆ ಮುರ್ದ ಸೀಲಿಂಗ್ ಕೆಳಗೆ.

ಅಂಕಲ್ ಹೇಳಿದ್ ಲೆಕ್ಕ ನಿಮ್ಗೂ ಹೇಳ್ತೀನಿ, ಬರ್ಕೊಳ್ಳಿ. ನೆನೆದ ಮಣ್ಣು ಒಂದು ಘನ ಅಡಿಗೆ 45ರಿಂದ 50 ಕೆ.ಜಿ. ತೂಗುತ್ತೆ. ಒಂದೂವರೆ ಅಡಿ ತುಂಬಿದ್ರೆ ಒಂದು ಚದರ ಅಡಿ ಮೇಲೆ ಸುಮಾರು 70 ಕೆ.ಜಿ. ಬೀಳುತ್ತೆ. ಜನ ಓಡಾಡೋ ಟೆರೇಸಿಗೆ ನಮ್ಮ ದೇಶದ ಕಟ್ಟಡದ ಮಾನದಂಡ, ಐಎಸ್ 875, ಲೆಕ್ಕ ಹಿಡಿಯೋ ಓಡಾಟದ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ., ಅಂದ್ರೆ ಚದರ ಅಡಿಗೆ 14 ಕೆ.ಜಿ. ಅದರ ಐದು ಪಟ್ಟು ಹೊರಿಸಿದ್ದೆ ನಾನು, ಒಟ್ಟು ನಾಲ್ಕು ಟನ್ ಮೇಲೆ. ನೋಡಮ್ಮ, ಗೋಡೆ ಪಕ್ಕಕ್ಕೆ ಬಂದಿದ್ದಕ್ಕೆ ಮೋಲ್ಡ್, ಅಂದ್ರೆ ಕಾಂಕ್ರೀಟ್ ಛಾವಣಿ, ತಡ್ಕೊಂಡಿದೆ, ರೂಮಿನ ನಡುವೆ ಹಾಕಿದ್ರೆ ಏನಾಗ್ತಿತ್ತೋ ಅಂದ್ರು. ಇನ್ನೊಂದು ಅಂದ್ರೆ, ನಾನು ಕಟ್ಟೆ ಕಟ್ಟಿಸಿದ್ದು ಮಳೆ ನೀರು ಹೋಗೋ ಪೈಪಿನ ಬಾಯಿಗೇ. ಆ ಮೂಲೆಗೆ ಇಳಿಜಾರು ಕೊಟ್ಟಿದ್ರು ಹಳಬರು, ಎಲ್ಲಾ ನೀರು ಅಲ್ಲಿಗೇ ಬಂದು ಕಟ್ಟೆ ಕೆಳಗೆ ನಿಂತು, ಬಿರುಕು ಹುಡುಕ್ಕೊಂಡು ಕೆಳಗಿಳೀತು. ಮಣ್ಣು ಸದಾ ಒದ್ದೆ, ಮೋಲ್ಡು ಒಣಗೋಕೆ ಅವಕಾಶಾನೇ ಇಲ್ಲ.

ಮಣ್ಣೆಲ್ಲ ಇಳಿಸಿ, ಬಿಸಿಲಲ್ಲಿ ಒಣಗಿಸಿ, ಫೆಬ್ರವರೀಲಿ ಕೆಲ್ಸ ಶುರು ಮಾಡ್ಸಿದ್ವಿ. ಸಡಿಲ ಆದ ಪ್ಲಾಸ್ಟರ್ ಕೆತ್ತಿ, ಕಂಬಿ ತುಕ್ಕು ಉಜ್ಜಿ, ತುಕ್ಕು ತಡೆಯೋದನ್ನ ಬಳ್ದು, ಮತ್ತೆ ಪ್ಲಾಸ್ಟರ್. ಮೇಲೆ ಇಳಿಜಾರು ಸರಿ ಮಾಡಿ ವಾಟರ್‌ಪ್ರೂಫಿಂಗ್, ಪೈಪುಗಳ ಬಾಯಿ ಕಟ್ಟಿ ಮೂರು ದಿನ ನೀರು ನಿಲ್ಸಿ ಕೆಳಗೆ ಒದ್ದೆ ಬರುತ್ತಾ ಅಂತ ಪರೀಕ್ಷೆ. ಒಟ್ಟು 1,40,000 ರೂಪಾಯಿ ಚಿಲ್ಲರೆ ಆಯ್ತು, ಮಗಳ ಕಾಲೇಜಿಗೆ ಅಂತ ಕೂಡಿಟ್ಟಿದ್ದ ದುಡ್ಡು. ಒಂದೆರಡು ಪಾಟು ಅಂದ ಆ ಒಂದು ಮಾತಿಗೆ ಬಿದ್ದ ಬೆಲೆ ಅದು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಕಲ್ತು ಆಮೇಲೆ ಪರಿಚಯ ಅನ್ನೋದನ್ನ ತಲೆಯಿಂದ ತೆಗ್ದುಹಾಕಿ, ಅದು ಮರ್ಯಾದೆ ವಿಷಯಾನೇ ಅಲ್ಲ. ಅಲ್ಲಿರೋರಿಗೆ ನಿಮ್ಮ ಗಿಡ ನೋಡೋದಕ್ಕಿಂತ ನಿಮ್ಮ ಮನೆ ಯಾವ ದಿಕ್ಕಿಗಿದೆ, ಎಷ್ಟು ಹಳೇದು, ಯಾವ ನೀರು ಬರುತ್ತೆ ಅಂತ ತಿಳ್ಕೊಳ್ಳೋ ಕುತೂಹಲ. ಹೇಮಾವತಿ ನೀರೋ ಬೋರ್ ನೀರೋ ಅನ್ನೋದು ಇಲ್ಲಿ ದೊಡ್ಡ ವಿಷಯ. ನಮ್ಮನೆ ಬೋರ್ ನೀರು ಗಡಸು, ಪಾಟಿನ ಸುತ್ತ ಬಿಳಿ ಉಪ್ಪು ಕಟ್ಟುತ್ತೆ, ದಾಸವಾಳದ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳೀತಿತ್ತು. ನಾನು ಗೊಬ್ಬರ ಸಾಲ್ದು ಅಂತ ಸುರೀತಾನೇ ಇದ್ದೆ. ಆ ಕಾಲೇಜು ಹುಡುಗ ಒಂದು ನೋಟಕ್ಕೆ ಹೇಳ್ದ, ಆಂಟಿ ಇದು ಕಬ್ಬಿಣದಂಶ ಗಿಡಕ್ಕೆ ಸಿಗ್ತಿಲ್ಲ, ಗೊಬ್ಬರದಿಂದ ಹೋಗಲ್ಲ, ಮಳೆ ನೀರು ಹಿಡ್ದಿಟ್ಟು ಹಾಕಿ ಅಂತ. ಅವನಿಗೆ ಇಪ್ಪತ್ತು ವರ್ಷ, ನಂಗೆ ನಲವತ್ತಾರು. ಹೇಳಿಸ್ಕೊಂಡೆ, ಹಾಕಿದೆ, ಹೊಸ ಚಿಗುರು ಹಸಿರಾಗಿ ಬಂತು.

ದುಡ್ಡು ಕೊಟ್ಟು ಗಾರ್ಡನ್ ಸೆಟಪ್ ಮಾಡಿಸ್ಲಾ ಅಂತಾನೂ ಕೇಳಿದೀರಿ. ಮಾಡಿಸ್ಬಹುದು, ನಂಗೆ ಇಷ್ಟ ಇಲ್ಲ. ಅವರು ಹೋದ್ಮೇಲೆ ಗಿಡಕ್ಕೆ ಹುಳ ಬಿದ್ದಾಗ ಯಾರ ಮನೆ ಬಾಗ್ಲು ತಟ್ತೀರಿ?

ಹೋಗುವಾಗ ನಿಮ್ಮ ಟೆರೇಸಿನ ನಾಲ್ಕು ಮೂಲೆ ಫೋಟೋ, ನೀರು ಹೋಗೋ ಪೈಪುಗಳ ಫೋಟೋ, ಕೆಳಗಿನ ಸೀಲಿಂಗ್ ಫೋಟೋ ತಗೊಂಡು ಹೋಗಿ. ಮನೇಲಿ ರಿಪೇರಿ ಇದೆ ಅಂದಿದೀರಲ್ಲ, ಅದನ್ನ ಮುಚ್ಚಿಡ್ಬೇಡಿ, ಮೊದ್ಲು ಅದನ್ನೇ ಹೇಳಿ. ಮುಂದಿನ ವಾರ ಏನು ಮಾಡಿಸೋದಿದೆ, ಯಾರಿಗೆ ಅಡ್ವಾನ್ಸ್ ಕೊಟ್ಟಿದೀರಿ ಅನ್ನೋದನ್ನೂ ಹೇಳಿ, ಅಡ್ವಾನ್ಸ್ ಹೋದ್ರೂ ಪರವಾಗಿಲ್ಲ, ಮೋಲ್ಡ್ ಉಳಿಯುತ್ತೆ. ಗೊತ್ತಿಲ್ಲದ ಹೆಸರು ಬಂದ್ರೆ ಅಲ್ಲೇ ಏನದು ಅಂತ ಕೇಳಿ. ಎರಡು ವರ್ಷ ಆದ್ಮೇಲೆ ನಾನು ಮೇಷ್ಟ್ರ ಹತ್ರ ಹೋಗಿ ಸಿದ್ದು ಹಲಸು ನಂಗೆ ಅವತ್ತು ಗೊತ್ತೇ ಇರ್ಲಿಲ್ಲ ಸಾರ್ ಅಂತ ಒಪ್ಕೊಂಡೆ. ಅವರೇ ಹಿರೇಹಳ್ಳಿಗೆ ಕರ್ಕೊಂಡ್ ಹೋಗಿ ಕಸಿ ಗಿಡ ಕೊಡಿಸಿದ್ರು. ಮನೆ ಗೋಡೆ ಹತ್ರ ಬೇಡಮ್ಮ, ಹಲಸು ದೊಡ್ಡ ಮರ ಅಂತ ಅವರ ತಂಗಿ ಜಮೀನಲ್ಲೇ ಜಾಗ ಕೊಟ್ರು. ಈಗ ಆಳೆತ್ತರ ಆಗಿದೆ.

ಮಣ್ಣಿನ ವಿಷಯ ಬೇಗ ಹೇಳ್ಬಿಡ್ತೀನಿ. ಬರೀ ಕೆಮ್ಮಣ್ಣು ಟೆರೇಸಿಗೆ ಬೇಡ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ತೆಂಗಿನ ಜಿಲ್ಲೆ ಇದು, ನಾರಿನ ಪುಡಿಗೆ ಬರ ಇಲ್ಲ, ಆದ್ರೆ ಹಸಿ ಪುಡೀಲಿ ಉಪ್ಪಿರುತ್ತೆ, ಎರಡು ಮೂರು ನೀರಲ್ಲಿ ನೆನೆಸಿ ತೊಳ್ದು ಹಾಕಿ. ಪಾಟು, ಗ್ರೋ ಬ್ಯಾಗ್ ಎಲ್ಲಾ ಕಬ್ಬಿಣದ ಸ್ಟ್ಯಾಂಡ್ ಮೇಲೆ, ಕೆಳಗೆ ಪೊರಕೆ ಆಡೋವಷ್ಟು ಸಂದು ಬಿಡಿ. ಸ್ಟ್ಯಾಂಡುಗಳನ್ನ ಗೋಡೆ ಇರೋ ಕಡೆ ಸಾಲಾಗಿ ಇಡಿ. ಹಳೇ ಮನೆ ಅಂದ್ರಲ್ಲ, ಇಂಜಿನಿಯರ್ ಅಂಕಲ್‌ಗೆ ಒಂದ್ಸಲ ತೋರಿಸ್ದೆ ಏನೂ ಏರಿಸ್ಬೇಡಿ. ಅವರಿಗೆ ಈಗ ಎಪ್ಪತ್ತೊಂದು, ಮಹಡಿ ಮೆಟ್ಲು ಹತ್ತೋದು ಕಷ್ಟ, ಆದ್ರೂ ಕರೆದ್ರೆ ಬರ್ತಾರೆ.

ಏನ್ ತಗೊಂಡು ಹೋಗ್ಲಿ, ಸ್ವೀಟಾ ಅಂತ ಕೇಳಿದೀರಿ. ಸ್ವೀಟ್ ಬೇಡ. ಎರಡು ಮೂರು ಖಾಲಿ ಕವರ್ ಮತ್ತೆ ಒಂದು ಒದ್ದೆ ಬಟ್ಟೆ ಇಟ್ಕೊಳ್ಳಿ. ಅಜ್ಜಿ ಬಸಳೆ ಕಡ್ಡಿ, ದೊಡ್ಡಪತ್ರೆ ಕಡ್ಡಿ ಮುರ್ದು ಕೊಡ್ತಾರೆ, ಬೇಡ ಅಂದ್ರೂ ಕೊಡ್ತಾರೆ, ಬಿಸಿಲಲ್ಲಿ ಮನೆ ಸೇರೋಷ್ಟರಲ್ಲಿ ಬಾಡ್ಬಾರದು.