ಗಡಿಯ ಈಚಿನ ಅತ್ತಿಬೆಲೆಯೋ ಆಚಿನ ಹೊಸೂರೋ? ಗಿರಾಕಿಯ ಗೇಟು ಎಲ್ಲಿದೆ ನೋಡಿ

ಬೊಮ್ಮಸಂದ್ರದಲ್ಲಿ ಬಾಡಿಗೆ ತಡೆಯಲಾಗುತ್ತಿಲ್ಲ, ಎರಡು ಸಿಎನ್‌ಸಿ ಲೇತ್ ಮತ್ತು ಒಂದು ವಿಎಂಸಿಯನ್ನು (ಎರಡೂ ಬಗೆ ಕಂಪ್ಯೂಟರ್ ನಡೆಸುವ ಯಂತ್ರ, ವಿಎಂಸಿ ಮಿಲ್ಲಿಂಗ್‌ಗೆ) ಹೊಸೂರಿಗೆ ಸಾಗಿಸಿದರೆ ತಮಿಳುನಾಡಿನ ಸಬ್ಸಿಡಿ ಸಿಗುತ್ತದೆಯೇ, ದೊಡ್ಡ ಕಂಪನಿಗಳೂ ಅದಕ್ಕೇ ತಾನೇ ಗಡಿ ದಾಟಿದ್ದು ಎಂದು ಕೇಳಿದ್ದೀರಿ. ಸಬ್ಸಿಡಿಯನ್ನು ಮೊದಲು ಲೆಕ್ಕದಿಂದ ತೆಗೆದುಬಿಡಿ. ಬಂಡವಾಳ ಸಬ್ಸಿಡಿ ಕೊಡುವುದು ಹೊಸ ಯಂತ್ರದ ಬೆಲೆಯ ಮೇಲೆ. ನೀವು ಹೊತ್ತೊಯ್ಯುತ್ತಿರುವುದು ಹಳೆಯವು. ಮುಂದೆ ಹೊಸ ಯಂತ್ರ ಕೊಂಡರೂ ದುಡ್ಡು ಬರುವುದು ಉತ್ಪಾದನೆ ಶುರುವಾದ ಮೇಲೆ, ಅದೂ ಕಡತ ಸಾಗಿದ ಹಾಗೆ. ಬ್ಯಾಂಕಿನ ಕಂತಿಗೆ ಅದನ್ನು ನೆಚ್ಚಿಕೊಂಡರೆ ಕೆಟ್ಟಿರಿ.

ದೊಡ್ಡವರು ಬಂದದ್ದಕ್ಕೂ ಸಬ್ಸಿಡಿ ಅರ್ಧ ಕಾರಣವಷ್ಟೇ. ತಮಿಳುನಾಡಿನ ಕೈಗಾರಿಕಾ ಪ್ರದೇಶಗಳ ನಿಗಮ ಸಿಪ್ಕಾಟ್ 1971ರಲ್ಲಿ ಶುರುವಾದಾಗ ಹೊಸೂರು ಧರ್ಮಪುರಿ ಜಿಲ್ಲೆಯಲ್ಲಿತ್ತು. ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ. ಹಿಂದುಳಿದ ಪ್ರದೇಶ ಎಂಬ ಹಣೆಪಟ್ಟಿ ಧರ್ಮಪುರಿ ಕಡೆಗೂ ಇತ್ತು, ಆದರೆ ಕಾರ್ಖಾನೆಗಳು ಸಾಲುಗಟ್ಟಿದ್ದು ಹೊಸೂರಿನಲ್ಲಿ. ಬೆಂಗಳೂರು 40 ಕಿ.ಮೀ. ದೂರ. ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್, ಮೈಕೊಗಳ ನೆರಳಲ್ಲಿ ಬೆಳೆದ, ಡೈ-ಫಿಕ್ಸ್‌ಚರ್ ಮಾಡುವ ಟೂಲ್‌ರೂಮ್ ಕಸುಬು ಕೈಗೆಟುಕುವಷ್ಟು ಹತ್ತಿರವಿತ್ತು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಘಟಕ, ಅದೇ ವರ್ಷ ಟಿವಿಎಸ್ 50 ಮೊಪೆಡ್, ಆ ದಶಕದಲ್ಲೇ ತಮಿಳುನಾಡು ಸರ್ಕಾರದ ಟಿಡ್ಕೊ ಮತ್ತು ಟಾಟಾ ಜಂಟಿಯಾಗಿ ಕಟ್ಟಿದ ಟೈಟಾನ್. ಈಚೆಗೆ ಏಥರ್ ಕೂಡ ಕಚೇರಿ ಬೆಂಗಳೂರಲ್ಲೇ ಇಟ್ಟುಕೊಂಡು ಸ್ಕೂಟರ್ ತಯಾರಿಕೆಯನ್ನು ವೈಟ್‌ಫೀಲ್ಡ್‌ನಿಂದ ಹೊಸೂರಿಗೆ ತಂದಿತು.

ಸಣ್ಣವರನ್ನು ಎಳೆದದ್ದು ತೆರಿಗೆ. ಕರ್ನಾಟಕದ ವೆಂಡರ್ ಹೊಸೂರಿನ ಕಂಪನಿಗೆ ಬಿಡಿಭಾಗ ಮಾರಿದರೆ ರಿಯಾಯಿತಿ ದರ ಕೊಡಿಸುವ ಸಿ ಫಾರಂ ಇದ್ದರೂ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಮೊದಲು 4%, 2008ರಿಂದ 2%. ಕೊಂಡವನಿಗೆ ಅದರ ಕ್ರೆಡಿಟ್, ಅಂದರೆ ತಾನು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆಯುವ ಅವಕಾಶ, ಇರಲಿಲ್ಲ. ಹೊಸೂರಿನ ಹತ್ತಿರದ ಸೂಳಗಿರಿ ಕಡೆಯ ವೆಂಡರ್ ಹಾಕಿದ ತಮಿಳುನಾಡಿನ ವ್ಯಾಟ್‌ಗಾದರೆ ಇತ್ತು. ಮೇಲೆ ಅತ್ತಿಬೆಲೆ ಚೆಕ್‌ಪೋಸ್ಟ್‌ನಲ್ಲಿ ಕಾಯುವುದು ಬೇರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಈ ವ್ಯತ್ಯಾಸ ಅಳಿಸಿತು, ರಾಜ್ಯದಿಂದ ರಾಜ್ಯಕ್ಕೆ ಮಾರುವಾಗಿನ ಐಜಿಎಸ್‌ಟಿಗೂ ಪೂರ್ತಿ ಕ್ರೆಡಿಟ್ ಇದೆ. ಹಾಗಾಗಿ ಹಳಬರು ಹೇಳುವ "ಬಾರ್ಡರ್ ದಾಟಿದರೆ ಟ್ಯಾಕ್ಸ್ ಉಳಿಯುತ್ತೆ" ಎಂಬ ಮಾತು ಈಗ ನಡೆಯದು.

ಈಗ ಉಳಿದದ್ದು ಸಾಗಣೆ, ಮತ್ತು ದಿನಕ್ಕೆ ಎಷ್ಟು ಪೀಸ್ ಕೊಡಬೇಕು ಎಂಬುದು. ಟಾಟಾ ಏಸ್ ಹೊರುವುದು 750 ಕೆಜಿ. ಅರ್ಧ ಕೆಜಿಯ ಪೀಸ್ ಆದರೆ 1,500. ಟ್ರಿಪ್‌ಗೆ 1,500 ರೂ. ಎಂದು ಹಿಡಿದರೆ ಪೀಸಿಗೆ ಒಂದು ರೂಪಾಯಿ. ಗಿರಾಕಿ ಸ್ಟಾಕ್ ಇಡುವುದಿಲ್ಲ, ದಿನಾ 300 ಪೀಸ್ ಕೊಡಿ ಎಂದರೆ ಅದೇ ಗಾಡಿಗೆ ಪೀಸಿಗೆ ಐದು ರೂಪಾಯಿ. ಎಷ್ಟೋ ಟರ್ನಿಂಗ್ ಕೆಲಸದಲ್ಲಿ ಒಟ್ಟು ಮಾರ್ಜಿನ್ನೇ ಅಷ್ಟಿರುವುದಿಲ್ಲ. ನಿಮ್ಮ ಬಿಲ್ಲಿಂಗ್‌ನ ಮುಕ್ಕಾಲು ಪಾಲು ಜಿಗಣಿ, ಬೊಮ್ಮಸಂದ್ರದವರದ್ದಾದರೆ ಹೊಸೂರಿನ ಅಗ್ಗದ ಬಾಡಿಗೆ ಡೀಸೆಲ್‌ಗೇ ಹೋಗುತ್ತದೆ.

ಗಿರಾಕಿ ಒಂದು ರಾಜ್ಯ, ನೀವು ಇನ್ನೊಂದು ರಾಜ್ಯ ಆದಾಗ ಕಾಗದದ ಕೆಲಸವೂ ಬೆಳೆಯುತ್ತದೆ. ಜನ ಎಡವುವುದು ಹೆಚ್ಚಾಗಿ ಇಲ್ಲೇ. 50,000 ರೂ. ಒಳಗಿದ್ದರೆ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಬೇಡ ಎಂದು ಗಾಡಿ ಬಿಡುತ್ತಾರೆ. ಜಾಬ್‌ವರ್ಕ್‌ಗೆ (ಗಿರಾಕಿಯ ಮಾಲಿಗೆ ಕೂಲಿ ಪಡೆದು ಮಾಡುವ ಕೆಲಸ) ಬೇರೆ ರಾಜ್ಯಕ್ಕೆ ಕಳಿಸುವ ಮಾಲಿಗೆ ಆ ಮಿತಿ ಅನ್ವಯಿಸುವುದಿಲ್ಲ, ಹತ್ತು ಸಾವಿರದ ಕ್ಯಾಸ್ಟಿಂಗ್‌ಗೂ ಬೇಕು. ಕಳಿಸಿದ ಮಾಲು ಒಂದು ವರ್ಷದೊಳಗೆ ಅದನ್ನು ಕಳಿಸಿದ ಮುಖ್ಯ ಕಂಪನಿಗೆ ಮರಳಬೇಕು ಅಥವಾ ನಿಮ್ಮಲ್ಲಿಂದಲೇ ಮಾರಾಟವಾಗಬೇಕು, ಇಲ್ಲದಿದ್ದರೆ ಕಳಿಸಿದ ದಿನವೇ ಮಾರಿದಂತೆ ಹಿಡಿದು ತೆರಿಗೆ, ಬಡ್ಡಿ ಹಾಕುತ್ತಾರೆ. ಜಿಗ್, ಫಿಕ್ಸ್‌ಚರ್, ಡೈಗಳಿಗೆ ಈ ಗಡುವಿಲ್ಲ. ಈ ಮಾಲಿನ ಲೆಕ್ಕ ಕೊಡುವ ಫಾರಂ ಐಟಿಸಿ-04 ಸಲ್ಲಿಸುವುದು ಆ ಮುಖ್ಯ ಕಂಪನಿಯ ಕೆಲಸ. ವಹಿವಾಟು 5 ಕೋಟಿ ಮೀರಿದವರು ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆ. ಆದರೆ ಲೆಕ್ಕ ತಾಳೆಯಾಗದಿದ್ದರೆ ನಿಲ್ಲುವುದು ನಿಮ್ಮ ಪೇಮೆಂಟು. 1.2 ಕೆಜಿಯ ಫೋರ್ಜಿಂಗ್ 850 ಗ್ರಾಂ ಪೀಸ್ ಆದರೆ 350 ಗ್ರಾಂ ಚಿಪ್ಸ್ ಎಲ್ಲಿ ಹೋಯಿತು, ರಿಜೆಕ್ಟ್ ಎಷ್ಟು ಎನ್ನುವುದು ಪ್ರತಿ ಚಲನ್‌ನಲ್ಲೂ ಇರಲಿ. ಸ್ಕ್ರ್ಯಾಪ್ ಯಾರದ್ದು ಎಂದು ಆರ್ಡರ್‌ನಲ್ಲೇ ಬರೆಸಿ. ಹೀಟ್ ಟ್ರೀಟ್‌ಮೆಂಟ್‌ಗೆ ಮಾಲನ್ನು ಮತ್ತೆ ಕರ್ನಾಟಕಕ್ಕೆ ಕಳಿಸಬೇಕಾದರೆ ಇನ್ನೊಂದು ಚಲನ್, ಇನ್ನೊಂದು ಇ-ವೇ ಬಿಲ್. ಹಾಗಾಗಿ ಮುಂದಿನ ಪ್ರಾಸೆಸ್ ಮಾಡುವವರು ಯಾವ ಕಡೆ ಇದ್ದಾರೆ ನೋಡಿ. ಪ್ಲೇಟಿಂಗ್ (ಲೋಹದ ಲೇಪ) ನೀವೇ ಇಟ್ಟುಕೊಳ್ಳುವ ಯೋಚನೆ ಬೇಡ. ಅದು ಮಾಲಿನ್ಯ ಮಂಡಳಿಯ ಕೆಂಪು (ಹೆಚ್ಚು ಮಾಲಿನ್ಯದ) ವರ್ಗದ್ದು, ಬರೀ ಮೆಷಿನಿಂಗ್‌ನ ಹಾಗೆ ಸುಲಭವಲ್ಲ.

ಶೆಡ್ ನೋಡುವಾಗ ಹಿಂದಿನ ಕರೆಂಟ್ ಬಿಲ್ ಕೇಳಿ ತೆಗೆದುಕೊಳ್ಳಿ. ಒಂದೊಂದು ಲೇತ್‌ಗೆ ಸುಮಾರು 15, ವಿಎಂಸಿಗೆ 20 ಕೆವಿಎ, 7.5 ಎಚ್‌ಪಿ ಕಂಪ್ರೆಸರ್ ಸೇರಿದರೆ 55–60 ಕೆವಿಎ ಬೇಕು. ಶೆಡ್‌ನಲ್ಲಿ 10 ಎಚ್‌ಪಿ ಸಂಪರ್ಕವಷ್ಟೇ ಇದ್ದು ಹತ್ತಿರದ ಟ್ರಾನ್ಸ್‌ಫಾರ್ಮರ್ ತುಂಬಿದ್ದರೆ ಯಂತ್ರ ನಿಂತೇ ಬಾಡಿಗೆ ತಿನ್ನುತ್ತದೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್, ದರದ ವರ್ಗ, ಬಾಕಿ ಮೂರನ್ನೂ ನೋಡಿ.

ಹೊಸೂರು ಸುತ್ತಲಿನ ಬಾಗಲೂರು, ಮತ್ತಿಗಿರಿ ಕಡೆ ಮಾಲೀಕರು ಕನ್ನಡದಲ್ಲೋ ತೆಲುಗಿನಲ್ಲೋ ಮಾತಾಡುತ್ತಾರೆ, ಕಾಗದ ಮಾತ್ರ ತಮಿಳಿನದು. ಪಹಣಿ ಓದಿದ ಕಣ್ಣಿಗೆ ಪಟ್ಟಾ (ಹಕ್ಕಿನ ದಾಖಲೆ), ಚಿಟ್ಟಾ (ಜಮೀನಿನ ವಿವರ), ವಿಲ್ಲಂಗ ಸರ್ಟಿಫಿಕೇಟ್ (ಋಣಭಾರ ಪತ್ರ) ಹೊಸದು. ತಿಳಿದವರಿಂದ ಓದಿಸಿ. ಪಂಚಾಯ್ತಿ ರಸೀದಿ ಇದೆ ಎಂದರೆ ಸಾಲದು, ನಗರ ಯೋಜನಾ ಇಲಾಖೆ ಆ ಜಾಗವನ್ನು ಕೈಗಾರಿಕೆಗೆ ಒಪ್ಪಿದೆಯೇ ನೋಡಿ. ಇಲ್ಲದಿದ್ದರೆ ಲೈಸೆನ್ಸ್ ಹಂತದಲ್ಲಿ ಸಿಕ್ಕಿಬೀಳುತ್ತೀರಿ.

ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಯಲ್ಲಿ ತಮಿಳುನಾಡಿನ ವಿಳಾಸ ಸೇರಿಸಿ, ನಂಬರನ್ನು ಇನ್‌ವಾಯ್ಸ್ ಮೇಲೆ ಅಚ್ಚು ಹಾಕಿಸಿ. ಸೂಕ್ಷ್ಮ, ಸಣ್ಣ ಘಟಕಕ್ಕೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಗಿರಾಕಿ ಹಣ ಕೊಡಬೇಕು. ಗಡುವು ಮೀರಿದರೆ ಹಣ ಕೊಟ್ಟ ವರ್ಷದಲ್ಲಷ್ಟೇ ಗಿರಾಕಿ ಅದನ್ನು ಆದಾಯ ತೆರಿಗೆಯಲ್ಲಿ ಖರ್ಚು ತೋರಿಸಬಹುದು. ಮಾರ್ಚ್ ಬಂತೆಂದರೆ ಅವರ ಅಕೌಂಟ್ಸ್‌ನವರೇ ನಿಮಗೆ ಫೋನ್ ಮಾಡುತ್ತಾರೆ.